ನಿಮಗಿದು ಗೊತ್ತೇ? ಸರ್ಕಾರದ ಮೇಲೆ ಹೈಕೋರ್ಟಿಗೆ: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ

● 1949ರಲ್ಲಿ ಕಲೆಕ್ಟರರು ಕಾನೂನು ಮೀರಿ ಕಂಪ್ಲಿಯ ರೈತನ ಗದ್ದೆಯ ಮೇಲೆ ಆದೇಶ ಮಾಡಿದ್ದರೆ, ಆತ ಅದರ ವಿರುದ್ಧ ಹೈಕೋರ್ಟಿಗೆ ರಿಟ್ ಅರ್ಜಿ, ಅಂದರೆ ಅಧಿಕಾರಿಗೆ ನೇರವಾಗಿ ಆಜ್ಞೆ ಕೊಡಿ ಎಂಬ ಅರ್ಜಿ, ಹಾಕುವಂತಿರಲಿಲ್ಲ. ಕಂಪ್ಲಿ, ಹೊಸಪೇಟೆ, ಹಂಪಿ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಅವಕ್ಕೆ ಹೈಕೋರ್ಟು ಎಂದರೆ ಮದ್ರಾಸು. ರಿಟ್ ಹೊರಡಿಸುವ ಅಧಿಕಾರ ಬ್ರಿಟಿಷ್ ಭಾರತದಲ್ಲಿ ಇದ್ದದ್ದು ಕಲ್ಕತ್ತಾ, ಬೊಂಬಾಯಿ, ಮದ್ರಾಸ್ ಎಂಬ ಮೂರೇ ಹೈಕೋರ್ಟುಗಳಿಗೆ, ಅದೂ ಆಯಾ ನಗರದ ಎಲ್ಲೆಯೊಳಗೆ ಮಾತ್ರ. ಇದನ್ನು ಖಡಾಖಂಡಿತವಾಗಿ ಹೇಳಿದ್ದು ಆಗಿನ ಕಟ್ಟಕಡೆಯ ಮೇಲ್ಮನವಿ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್, 1943ರಲ್ಲಿ. ಗಂಜಾಂ ಜಿಲ್ಲೆಯ ಗರಬಂಧೋ ಗ್ರಾಮದ ರೈತರು ಪರ್ಲಾಕಿಮಿಡಿ ಜಮೀನ್ದಾರರಿಗಾಗಿ ಏರಿಸಿದ ಗೇಣಿಯನ್ನು ಪ್ರಶ್ನಿಸಿದ್ದರು. ಆದೇಶ ಹೊರಡಿಸಿದ ಕಂದಾಯ ಮಂಡಳಿ ಮದ್ರಾಸ್ ನಗರದಲ್ಲೇ ಇತ್ತು. ಆದರೂ ಜಮೀನು ಮತ್ತು ಜನ ನಗರದ ಹೊರಗಿದ್ದಾರೆ ಎಂದು ಬಾಗಿಲು ಮುಚ್ಚಲಾಯಿತು. ಹಳ್ಳಿಯವನಿಗೆ ಉಳಿದದ್ದು ವರ್ಷಗಟ್ಟಲೆ ಎಳೆಯುವ ಸಿವಿಲ್ ದಾವೆ. ಅಕ್ರಮವಾಗಿ ಬಂಧಿಸಿಟ್ಟ ಸಂದರ್ಭಕ್ಕೆ ಮಾತ್ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 491ನೇ ಕಲಮಿನ ಆಸರೆ ಇತ್ತು.

● ಆ ಬಾಗಿಲು ತೆರೆದದ್ದು 1950ರ ಜನವರಿ 26ರಂದು. ಸಂವಿಧಾನದ 226ನೇ ವಿಧಿ ಪ್ರತಿ ಹೈಕೋರ್ಟಿಗೂ ಅದರ ಇಡೀ ವ್ಯಾಪ್ತಿಯಲ್ಲಿ ರಿಟ್ ಅಧಿಕಾರ ಕೊಟ್ಟಿತು. ಗಣರಾಜ್ಯೋತ್ಸವದ ದಿನ ಶಾಲೆಗಳಲ್ಲಿ ಇದೊಂದು ಸಂಗತಿಯನ್ನು ಹೇಳಿಕೊಟ್ಟರೂ ಸಾಕು, ಮಕ್ಕಳಿಗೆ ಅಂದು ಏನು ಬದಲಾಯಿತು ಎಂಬುದು ಅರ್ಥವಾದೀತು.

● ಆ ಕಾಲದಲ್ಲಿ ತುಂಗಭದ್ರೆಯ ಈ ದಡಕ್ಕೊಂದು ಕಾನೂನು, ಆ ದಡಕ್ಕೊಂದು. ಕಂಪ್ಲಿ ಮದ್ರಾಸಿನದು. ಹೊಳೆ ದಾಟಿದರೆ ಸಿಗುವ ಗಂಗಾವತಿ, ಆನೆಗೊಂದಿ ಹೈದರಾಬಾದ್ ನಿಜಾಮರವು. ಸಂಡೂರು ಈ ಎರಡಕ್ಕೂ ಸೇರದ ಘೋರ್ಪಡೆ ಮನೆತನದ ಸಂಸ್ಥಾನ. 1949ರ ಏಪ್ರಿಲ್ 1ರಂದು ಅದು ಮದ್ರಾಸ್ ಪ್ರಾಂತ್ಯಕ್ಕೆ ವಿಲೀನವಾಯಿತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಬಿಟ್ಟು ಉಳಿದ ಬಳ್ಳಾರಿ ಜಿಲ್ಲೆ ಮೈಸೂರಿಗೆ ಬಂತು. ಗಂಗಾವತಿಯ ಕಡೆಯವರು ಸೇರಿದ್ದು 1956ರ ನವೆಂಬರ್ 1ರಂದು. ಸಂಡೂರಿನಲ್ಲಿ ಹುಟ್ಟಿದ ಒಬ್ಬ ವ್ಯಕ್ತಿ ಊರು ಬಿಟ್ಟು ಕದಲದೆಯೇ ಸಂಸ್ಥಾನ, ಮದ್ರಾಸು, ಬೆಂಗಳೂರು ಎಂದು ಮೂರು ನ್ಯಾಯವ್ಯವಸ್ಥೆಗಳನ್ನು ಐದು ವರ್ಷದೊಳಗೆ ಕಂಡ.

● ಈಗ ಈ ನಾಲ್ಕೂ ಊರುಗಳ ರಿಟ್ ಅರ್ಜಿ ಹೋಗುವುದು ಧಾರವಾಡಕ್ಕೆ. ಅಲ್ಲಿ ಸಂಚಾರಿ ಪೀಠ ಶುರುವಾದದ್ದು 2008ರ ಜುಲೈನಲ್ಲಿ, ಕಾಯಂ ಪೀಠವಾದದ್ದು 2013ರ ಆಗಸ್ಟ್‌ನಲ್ಲಿ. ಉತ್ತರ ಕರ್ನಾಟಕದ ವಕೀಲರು ಅದಕ್ಕಾಗಿ ವರ್ಷಗಟ್ಟಲೆ ಬೀದಿಗಿಳಿದಿದ್ದರು. ಅದಕ್ಕೂ ಮೊದಲು ಹೊಸಪೇಟೆಯ ಕಕ್ಷಿದಾರ ಒಂದು ವಾಯಿದೆಗಾಗಿ ರಾತ್ರಿ ಬಸ್ಸೋ ರೈಲೋ ಹಿಡಿದು ಬೆಂಗಳೂರಿಗೆ ಹೋಗಬೇಕಿತ್ತು, ಲಾಡ್ಜಿನ ಬಾಡಿಗೆ ಬೇರೆ. ಈಗ ಕೊಪ್ಪಳ, ಗದಗ ದಾಟಿ ಹುಬ್ಬಳ್ಳಿಯ ಮೇಲೆ ಹೋಗಿ ಸಂಜೆಗೆ ಮನೆ ಸೇರಬಹುದು. ನ್ಯಾಯ ಸಿಗುವುದರಲ್ಲಿ ದೂರಕ್ಕೆ ಎಷ್ಟು ಪಾತ್ರವಿದೆ ಎಂಬುದು ದಿನಗೂಲಿ ಕಳೆದುಕೊಂಡು ಹೋಗುವವನಿಗೇ ಗೊತ್ತು.

● ಬಳ್ಳಾರಿ, ವಿಜಯನಗರ ಜಿಲ್ಲೆಗಳು ಕಂದಾಯ ವಿಭಾಗದ ಲೆಕ್ಕದಲ್ಲಿ ಕಲಬುರಗಿಗೆ ಸೇರಿವೆ. ಸಂವಿಧಾನದ 371(ಜೆ) ವಿಧಿಯ ಮೀಸಲಾತಿಗೂ ಕಲ್ಯಾಣ ಕರ್ನಾಟಕದ ಪಾಲುದಾರರು. ಹೈಕೋರ್ಟಿಗೆ ಮಾತ್ರ ಕಲಬುರಗಿ ಪೀಠವಲ್ಲ, ಧಾರವಾಡ ಪೀಠ. 2021ರಲ್ಲಿ ವಿಜಯನಗರ ಹೊಸ ಜಿಲ್ಲೆಯಾಗಿ ಹೊಸಪೇಟೆ ಅದರ ಕೇಂದ್ರವಾದ ಮೇಲೂ ಇದು ಬದಲಾಗಲಿಲ್ಲ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಅರ್ಜಿಯಲ್ಲಿ ಯಾವ ಜಿಲ್ಲಾಧಿಕಾರಿಯನ್ನು ಪ್ರತಿವಾದಿ ಮಾಡಬೇಕು ಎಂದು ನೋಡುವಾಗ ಇದನ್ನು ಮರೆಯಬಾರದು.

● ಆದೇಶ ದೆಹಲಿಯಿಂದ ಬಂದಿದ್ದರೂ ಧಾರವಾಡದಲ್ಲೇ ಪ್ರಶ್ನಿಸಬಹುದು. ಮೊದಲು ಹೀಗಿರಲಿಲ್ಲ. ಚುನಾವಣಾ ಆಯೋಗ ದೆಹಲಿಯಲ್ಲಿದೆ, ಮದ್ರಾಸ್ ಹೈಕೋರ್ಟ್ ಅದಕ್ಕೆ ರಿಟ್ ಕಳಿಸುವಂತಿಲ್ಲ ಎಂದು 1953ರಲ್ಲಿ ಸಾಕಾ ವೆಂಕಟರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 1963ರಲ್ಲಿ ಸಂವಿಧಾನದ 15ನೇ ತಿದ್ದುಪಡಿ ಬಂದು, ವ್ಯಾಜ್ಯದ ಕಾರಣ ಎಲ್ಲಿ ಹುಟ್ಟಿತೋ ಅಲ್ಲಿನ ಹೈಕೋರ್ಟಿಗೂ ಅಧಿಕಾರ ಸಿಕ್ಕಿತು. ಗಣಿ, ಅರಣ್ಯ, ಪುರಾತತ್ವ, ರೈಲ್ವೆ ಎಂದು ಕೇಂದ್ರದ ಇಲಾಖೆಗಳು ತುಂಬಿಕೊಂಡಿರುವ ಈ ಸೀಮೆಗೆ ಆ ತಿದ್ದುಪಡಿಯಿಂದ ಆದ ಉಪಕಾರ ದೊಡ್ಡದು.

● ಸರ್ಕಾರದ ಮೇಲೆ ಸಿವಿಲ್ ದಾವೆ ಹೂಡಬೇಕಾದರೆ ಎರಡು ತಿಂಗಳ ಮುಂಚೆ ನೋಟಿಸು ಕೊಡಬೇಕು ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮು. ರಿಟ್ ಅರ್ಜಿಗೆ ಆ ಕಟ್ಟುಪಾಡಿಲ್ಲ. ನಾಳೆ ಬೆಳಿಗ್ಗೆ ಜೆಸಿಬಿ ಬರುತ್ತದೆ ಎಂದರೆ ಇಂದೇ ತಡೆಯಾಜ್ಞೆ ಕೇಳಬಹುದು.

● ಆದರೆ ಅಣ್ಣತಮ್ಮಂದಿರ ಪಾಲು, ಪಕ್ಕದ ಹೊಲದವನ ಬದು, ಖರೀದಿ ಪತ್ರ ಅಸಲಿಯೋ ನಕಲಿಯೋ ಎಂಬ ಜಗಳ ರಿಟ್‌ನಲ್ಲಿ ನಡೆಯುವುದಿಲ್ಲ. ಅದಕ್ಕೆ ಸಾಕ್ಷಿ ವಿಚಾರಣೆ ಬೇಕು, ಊರಿನ ಸಿವಿಲ್ ಕೋರ್ಟೇ ಗತಿ. ಹೈಕೋರ್ಟು ರಿಟ್‌ನಲ್ಲಿ ಮುಖ್ಯವಾಗಿ ನೋಡುವುದು ಅಧಿಕಾರಿ ಕಾನೂನಿನ ಪ್ರಕಾರ ನಡೆದರೇ, ಜನರ ಮಾತು ಕೇಳಿದರೇ, ಅಧಿಕಾರ ಮೀರಿದರೇ ಎಂಬುದನ್ನು.

● ಹಂಪಿಯಲ್ಲಿ ಒಂದು ಗೋಡೆ ಎತ್ತಲು ಎಷ್ಟು ಕಚೇರಿಗಳ ಮಾತು ನಡೆಯುತ್ತದೆ ಗೊತ್ತೇ? ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆ, ರಾಜ್ಯದ ಪುರಾತತ್ವ ಇಲಾಖೆ, ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ, ಕೊನೆಗೆ ಗ್ರಾಮ ಪಂಚಾಯಿತಿ. ಕೇಂದ್ರ ರಕ್ಷಿಸಿದ ಸ್ಮಾರಕದಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಪ್ರಾಧಿಕಾರದ ವ್ಯಾಪ್ತಿ 236 ಚದರ ಕಿ.ಮೀ.ಗೂ ಹೆಚ್ಚು. ಹೊಳೆಯ ಎರಡೂ ದಡ ಸೇರಿ 29 ಹಳ್ಳಿಗಳು ಅದರೊಳಗಿವೆ. ಅಂದರೆ ಆನೆಗೊಂದಿಯ ಮನೆಯವರಿಗೂ ಕಮಲಾಪುರದ ಮನೆಯವರಿಗೂ ಒಂದೇ ಪ್ರಾಧಿಕಾರ, ಜಿಲ್ಲೆ ಮಾತ್ರ ಬೇರೆ.

● 2011ರ ಜುಲೈ ಕೊನೆಯಲ್ಲಿ ವಿರೂಪಾಕ್ಷ ದೇವಸ್ಥಾನದ ಎದುರಿನ ಹಂಪಿ ಬಜಾರದ ಮನೆ, ಅಂಗಡಿಗಳನ್ನು ಯಂತ್ರ ತಂದು ಕೆಡವಲಾಯಿತು. ಕಲ್ಲಿನ ಸಾಲುಮಂಟಪಗಳ ಒಳಗೂ ಹೊರಗೂ ದಶಕಗಳಿಂದ ಬದುಕಿದ್ದ ಕುಟುಂಬಗಳವು. ಪುನರ್ವಸತಿಗೆ ತೋರಿಸಿದ ಜಾಗ ಕಡ್ಡಿರಾಂಪುರ. ಮಂಟಪಗಳ ಕಲ್ಲು ಉಳಿಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆಸ್ತಿಯ ಹಕ್ಕು ಮೂಲಭೂತ ಹಕ್ಕಿನ ಪಟ್ಟಿಯಿಂದ 1978ರ 44ನೇ ತಿದ್ದುಪಡಿಯಲ್ಲಿ ಹೊರಬಿದ್ದರೂ, ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎಂಬ 300(ಎ) ವಿಧಿ ಸಂವಿಧಾನದಲ್ಲಿ ಇಂದಿಗೂ ಇದೆ. ನೆಲ ಸರ್ಕಾರದ್ದೇ ಆದರೂ ಅಲ್ಲಿ ನೆಲೆಸಿದವರನ್ನು ಎಬ್ಬಿಸುವ ಮುನ್ನ ನೋಟಿಸು ಕೊಡಬೇಕು, ಅಹವಾಲು ಕೇಳಬೇಕು. ಸ್ಮಾರಕ ಕಾಯುವ ಕಾಳಜಿ ಎಷ್ಟು ದೊಡ್ಡದೋ, ಅದರ ನೆರಳಲ್ಲಿ ಬದುಕಿದವರ ಮಾತು ಕೇಳುವ ಕರ್ತವ್ಯವೂ ಅಷ್ಟೇ ದೊಡ್ಡದು. ಈ ಅಂಕಣಕಾರನ ಖಚಿತ ಅಭಿಪ್ರಾಯ ಇದು.

● ಹೊಳೆಯ ಆಚೆಗಿನ ವಿರೂಪಾಪುರ ಗಡ್ಡೆಯ ಕತೆ ಬೇರೆ. ಅಲ್ಲಿನ ರೆಸಾರ್ಟ್, ಹೋಟೆಲುಗಳ ಮಾಲೀಕರು ತೆರವು ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. 1988ರ ಅಧಿಸೂಚನೆ ರಕ್ಷಿಸುವುದು ಸ್ಮಾರಕಗಳನ್ನು ಮಾತ್ರ, ನಮ್ಮ ಜಮೀನನ್ನಲ್ಲ ಎಂಬುದು ಅವರ ವಾದದ ತಿರುಳು. 2015ರಲ್ಲಿ ಹೈಕೋರ್ಟು ಒಪ್ಪಲಿಲ್ಲ. 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟೂ ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ಮಾರ್ಚ್ ತಿಂಗಳಲ್ಲಿ ಕಟ್ಟಡಗಳು ನೆಲಕ್ಕುರುಳಿದವು. ನೋಟಿಸು, ವಾದ, ಮೇಲ್ಮನವಿ ಎಲ್ಲ ಮುಗಿದ ಮೇಲೆ ಬಂದ ತೀರ್ಪು ಅದು. ಸೋತರೂ ಅವರ ಮಾತನ್ನು ಎರಡು ನ್ಯಾಯಾಲಯಗಳು ಪೂರ್ತಿ ಕೇಳಿದವು.

● ಹಂಪಿ 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಮುಖ್ಯ ಕಾರಣ ಸರ್ಕಾರವೇ ಕಟ್ಟಲು ಹೊರಟ ಸೇತುವೆಗಳು. 2006ರಲ್ಲಿ ಆ ಪಟ್ಟಿಯಿಂದ ಹೊರಬಂತು. ಆನೆಗೊಂದಿ ಬಳಿಯ ಸೇತುವೆ 2009ರ ಜನವರಿಯಲ್ಲಿ, ಕೆಲಸ ನಡೆಯುತ್ತಿರುವಾಗಲೇ, ಕಾರ್ಮಿಕರ ಮೇಲೆ ಕುಸಿಯಿತು.

● ಇನ್ನು ಗಣಿ. ಸಂಡೂರಿನ ಗುಡ್ಡಗಳ ಕೆಂಪು ಧೂಳಿಗೆ ಕೊನೆಗೂ ತಡೆ ಹಾಕಿಸಿದ್ದು ಒಂದು ಜನಸಂಘಟನೆಯ ಅರ್ಜಿ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. ಕರ್ನಾಟಕ, ಆಂಧ್ರ ಎರಡರ ಗಡಿಗೂ ಹಬ್ಬಿದ್ದ ಅಕ್ರಮ ಅದು. ಗಡಿಕಲ್ಲುಗಳೇ ಮಾಯವಾದವು ಎಂಬ ದೂರಿತ್ತು. ಕೇಂದ್ರ ಉನ್ನತಾಧಿಕಾರ ಸಮಿತಿ ಸ್ಥಳಕ್ಕೆ ಬಂದು ವರದಿ ಕೊಟ್ಟಿತು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು ತಮ್ಮ ಎರಡನೆಯ ವರದಿ ಸಲ್ಲಿಸಿದರು. ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದು ಅದರಲ್ಲಿತ್ತು. ಎರಡೇ ದಿನಕ್ಕೆ, ಜುಲೈ 29ರಂದು, ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿಗೂ ಅದೇ ಆದೇಶ.

ಮುಂದಿನದು ಇನ್ನೂ ಮುಖ್ಯ. ಗಣಿಗಳನ್ನು ಅಕ್ರಮದ ಪ್ರಮಾಣ ನೋಡಿ ‘ಎ’, ‘ಬಿ’, ‘ಸಿ’ ಎಂದು ವಿಂಗಡಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ವರ್ಗದ ಸುಮಾರು 50 ಗುತ್ತಿಗೆಗಳು ರದ್ದಾದವು. ವರ್ಷಕ್ಕೆ ಎಷ್ಟು ಅದಿರು ತೆಗೆಯಬಹುದು ಎಂಬುದಕ್ಕೆ ಮಿತಿ ಬಂತು. ಬಳ್ಳಾರಿಗೆ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಸೇರಿ 50 ಲಕ್ಷ ಟನ್. ಅದಿರನ್ನು ಇ-ಹರಾಜಿನಲ್ಲೇ ಮಾರಬೇಕಾಯಿತು. ದೇಶದಲ್ಲಿ ಒಂದು ಜಿಲ್ಲೆಯ ಗುಡ್ಡಗಳಿಗೆ ನ್ಯಾಯಾಲಯವೇ ಹೀಗೆ ಅಳತೆ ಹಾಕಿಕೊಟ್ಟದ್ದು ವಿರಳ. 2022ರಲ್ಲಿ ಬಳ್ಳಾರಿಯ ಮಿತಿ 3.5 ಕೋಟಿ ಟನ್ನಿಗೆ ಏರಿತು, ಹರಾಜಿನ ಕಡ್ಡಾಯವೂ ಹೋಯಿತು.

● ಅದಿರಿನ ಹಣದಿಂದ ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿದೆ. ಮೇಲುಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು 2022ರಲ್ಲಿ ನೇಮಿಸಿತು. ಹಣ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಊರುಗಳಿಗೆ ಸೇರಿದ್ದು. ನಿಮ್ಮೂರಿನ ಶಾಲೆ, ಕುಡಿಯುವ ನೀರು, ಆಸ್ಪತ್ರೆಗೆ ಅದರಿಂದ ಏನು ಬಂತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು, ಕೇಳಬೇಕು.

● ಇದೇ ಸಮಾಜ ಪರಿವರ್ತನ ಸಮುದಾಯ ಗಣಿಗೂ ಎಷ್ಟೋ ಮೊದಲು, 1986ರಲ್ಲಿ, ಹಳ್ಳಿಗರ ಸಾಮೂಹಿಕ ಭೂಮಿಯನ್ನು ನೀಲಗಿರಿ ಬೆಳೆಯಲು ಒಂದು ಕಂಪನಿಗೆ ಕೊಟ್ಟದ್ದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಆ ಅರ್ಜಿಯಲ್ಲಿ ಅರ್ಜಿದಾರರಾಗಿ ನಿಂತವರು ಕೋಟ ಶಿವರಾಮ ಕಾರಂತರು. ಮರುವರ್ಷ ತಡೆಯಾಜ್ಞೆ ಸಿಕ್ಕಿತು.

● ಕಂಪನಿಯೂ ಸರ್ಕಾರದ ಮೇಲೆ ವ್ಯಾಜ್ಯ ಹೂಡುತ್ತದೆ. ಸಂಡೂರಿನ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಕಂಪನಿ, ಬೇರೆ ಉಕ್ಕು ಕಂಪನಿಗಳಿಗೆ ಗುತ್ತಿಗೆ ಕೊಡಿ ಎಂದು ರಾಜ್ಯ ಮಾಡಿದ ಶಿಫಾರಸನ್ನು ಪ್ರಶ್ನಿಸಿತು. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಗೆದ್ದಿತು, ವಿಭಾಗೀಯ ಪೀಠದಲ್ಲಿ ಸೋತಿತು, 2010ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಗೆದ್ದಿತು. ಕೇಂದ್ರದ ಗಣಿ ಕಾಯ್ದೆ ಹೇಳದ ಮಾನದಂಡವನ್ನು ರಾಜ್ಯ ತಾನಾಗಿ ಸೇರಿಸುವಂತಿಲ್ಲ ಎಂದು ಅಂದು ಇತ್ಯರ್ಥವಾಯಿತು. ಇಂದಿಗೂ ದೇಶದ ಗಣಿ ವ್ಯಾಜ್ಯಗಳಲ್ಲಿ ವಕೀಲರು ಸಂಡೂರಿನ ಹೆಸರನ್ನು ಉದ್ಧರಿಸುತ್ತಾರೆ.

● ಸಂಡೂರಿಗೆಂದೇ ಒಂದು ಪ್ರತ್ಯೇಕ ಕಾಯ್ದೆ ಇದೆ. ಹೆಸರು 1976ರ ಕರ್ನಾಟಕ (ಸಂಡೂರು ಪ್ರದೇಶ) ಇನಾಮುಗಳ ರದ್ದತಿ ಅಧಿನಿಯಮ. ಅದಕ್ಕೆ ಮೂರು ವರ್ಷ ಮುಂಚೆ, 1973ರಲ್ಲಿ, ಅಲ್ಲಿನ ಗೇಣಿದಾರರ ಭೂಹೋರಾಟ ನಡೆದಿತ್ತು. ನೆಲದ ಮೇಲೆ ನಡೆದ ಹೋರಾಟದ ಬೆನ್ನಿಗೇ ಬಂದ ಕಾಯ್ದೆ ಅದು.

● ಉಳುವವನೇ ಒಡೆಯ ಎಂದು 1974ರಲ್ಲಿ ಭೂಸುಧಾರಣಾ ತಿದ್ದುಪಡಿ ಬಂದಾಗ ಭೂನ್ಯಾಯಮಂಡಳಿಯ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಬಡ ಗೇಣಿದಾರನಿಗೆ ಅನುಕೂಲವಾಗಲಿ ಎಂಬುದು ಉದ್ದೇಶ. ಆ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 1987ರಲ್ಲಿ ತೆಗೆದುಹಾಕಿತು, ಉಳಿದ ಕಾಯ್ದೆಯನ್ನು ಎತ್ತಿಹಿಡಿಯಿತು. ಗೇಣಿದಾರರು ಭೂಮಿಯ ಹಕ್ಕು ಕೋರಿ ಫಾರಂ 7 ಹಾಕಲು ಕೊನೆಯ ದಿನ 1979ರ ಜೂನ್ 30. ಆ ಅರ್ಜಿಗಳಿಂದ ಹುಟ್ಟಿದ ವ್ಯಾಜ್ಯಗಳಲ್ಲಿ ಮೊಮ್ಮಕ್ಕಳು ಕೋರ್ಟು ಅಲೆದ ಮನೆಗಳಿವೆ.

● ಪಹಣಿಯಲ್ಲಿ ಹೆಸರು ತಪ್ಪಿದರೆ ನೇರ ಹೈಕೋರ್ಟಿಗೆ ಓಡುವಂತಿಲ್ಲ. ಭೂಕಂದಾಯ ಕಾಯ್ದೆಯ 136ನೇ ಕಲಮಿನಂತೆ ಮೊದಲು ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಆಮೇಲೆ ಜಿಲ್ಲಾಧಿಕಾರಿಗೆ ಪುನರೀಕ್ಷಣೆ, ಕೊನೆಗೆ ರಿಟ್. ಬೇರೆ ದಾರಿ ಇದ್ದರೆ ಮೊದಲು ಅದನ್ನು ಮುಗಿಸಿ ಬನ್ನಿ ಎಂದು ಹೈಕೋರ್ಟು ವಾಪಸು ಕಳಿಸುವುದು ಮಾಮೂಲು.

● ಕಂಪ್ಲಿಯ ಭತ್ತ, ಕಬ್ಬಿಗೆ ಕಾಲುವೆ ನೀರೇ ಜೀವ. ಆದರೆ ತುಂಗಭದ್ರೆಯಲ್ಲಿ ಆಂಧ್ರಕ್ಕೆಷ್ಟು, ನಮಗೆಷ್ಟು ಎಂಬ ಹಂಚಿಕೆಯನ್ನು ಯಾವ ಹೈಕೋರ್ಟೂ ತೀರ್ಮಾನಿಸುವಂತಿಲ್ಲ. 262ನೇ ವಿಧಿ ಮತ್ತು 1956ರ ಅಂತರರಾಜ್ಯ ಜಲವಿವಾದ ಕಾಯ್ದೆ ಅದನ್ನು ನ್ಯಾಯಮಂಡಳಿಗೆ ಬಿಟ್ಟಿವೆ. ನೀರಾವರಿ ಇಲಾಖೆ ತನ್ನದೇ ನಿಯಮ ಮುರಿದು ಕೊನೆಭಾಗದ ರೈತನಿಗೆ ನೀರು ತಪ್ಪಿಸಿದರೆ ಆ ಮಾತು ಬೇರೆ, ಅಲ್ಲಿ ರಿಟ್‌ಗೆ ಜಾಗವಿದೆ.

● ನಿಮಗೆ ಸ್ವಂತ ನಷ್ಟವಾಗದಿದ್ದರೂ ಊರಿನ ಪರವಾಗಿ ಹೈಕೋರ್ಟಿಗೆ ಹೋಗಬಹುದು. ಸುಪ್ರೀಂ ಕೋರ್ಟಿನ 1981ರ ಎಸ್.ಪಿ. ಗುಪ್ತಾ ತೀರ್ಪು ಈ ದಾರಿಯನ್ನು ಅಗಲ ಮಾಡಿತು. ಅರ್ಜಿದಾರ ಯಾರು, ಅವನಿಗೇನಾದರೂ ಲಾಭವಿದೆಯೇ ಎಂದು ಮೊದಲೇ ಬಿಚ್ಚಿಡಬೇಕು. ಅದಕ್ಕೆಂದೇ ಕರ್ನಾಟಕ ಹೈಕೋರ್ಟ್ 2018ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ನಿಯಮಾವಳಿ ತಂದಿದೆ.

● ಗಣಿ ಅಕ್ರಮವನ್ನು ಬಯಲಿಗೆಳೆದ ಲೋಕಾಯುಕ್ತದಿಂದ ಪೊಲೀಸ್ ಅಧಿಕಾರವನ್ನು ಕಿತ್ತು, 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ಕಟ್ಟಿತ್ತು. ಇದನ್ನು ಪ್ರಶ್ನಿಸಿದ ಅರ್ಜಿಗಳ ಮೇಲೆ ಹೈಕೋರ್ಟ್ 2022ರ ಆಗಸ್ಟ್ 11ರಂದು ಆ ದಳವನ್ನೇ ರದ್ದು ಮಾಡಿತು. ಲೋಕಾಯುಕ್ತಕ್ಕೆ ಅಧಿಕಾರ ಮರಳಿತು.

● ಹೈಕೋರ್ಟಿನ ಭಾಷೆ ಇಂಗ್ಲಿಷ್. 348ನೇ ವಿಧಿ ಹಾಗೆ ಹೇಳುತ್ತದೆ. ರಾಷ್ಟ್ರಪತಿಗಳ ಒಪ್ಪಿಗೆಯಿಂದ ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರದ ಹೈಕೋರ್ಟುಗಳಲ್ಲಿ ಹಿಂದಿ ನಡೆಯುತ್ತದೆ, ಕನ್ನಡಕ್ಕೆ ಆ ಒಪ್ಪಿಗೆ ಸಿಕ್ಕಿಲ್ಲ. ತನ್ನ ಹೊಲದ ಬಗ್ಗೆ ವಕೀಲರು ಏನು ವಾದಿಸಿದರು ಎಂದು ಸಂಡೂರಿನ ರೈತ ಮತ್ತೊಬ್ಬರನ್ನು ಕೇಳಿ ತಿಳಿಯಬೇಕಾದ ಸ್ಥಿತಿ ಇನ್ನೆಷ್ಟು ವರ್ಷ? 2024ರ ಡಿಸೆಂಬರ್ 12ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಮತ್ತು ನ್ಯಾಯಮೂರ್ತಿ ಸಿ.ಎಂ. ಜೋಶಿ ಅವರ ಪೀಠ ಒಂದು ತೀರ್ಪನ್ನು ಕನ್ನಡದಲ್ಲಿ ಪ್ರಕಟಿಸಿದ್ದು ದೊಡ್ಡ ಸುದ್ದಿಯಾಯಿತು.

● ಕಚೇರಿಗೆ ಕೊಡುವ ಮನವಿಗೆ ಮಾತ್ರ ಈ ತೊಡಕಿಲ್ಲ. ಯಾವುದೇ ಅಧಿಕಾರಿಗೆ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲೇ ಅಹವಾಲು ಕೊಡುವ ಹಕ್ಕು 350ನೇ ವಿಧಿಯಲ್ಲಿದೆ. ಕೇಂದ್ರದ ಅಧಿಕಾರಿಗೂ ಕನ್ನಡದಲ್ಲಿ ಬರೆಯಿರಿ.

● ಗೆದ್ದ ಮೇಲೂ ಅಧಿಕಾರಿ ಆದೇಶ ಪಾಲಿಸದಿದ್ದರೆ ನ್ಯಾಯಾಂಗ ನಿಂದನೆ ಅರ್ಜಿ ಹಾಕಬಹುದು. ಒಂದು ವರ್ಷದೊಳಗೆ ಹಾಕಬೇಕು ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ಏಕಸದಸ್ಯ ಪೀಠದಲ್ಲಿ ಸೋತರೆ ವಿಭಾಗೀಯ ಪೀಠಕ್ಕೆ ರಿಟ್ ಅಪೀಲು. ಅದಕ್ಕೆ 30 ದಿನ.

● ಭೂಸ್ವಾಧೀನದ ಪರಿಹಾರ ಹೆಚ್ಚಿಸಿ ಸಿವಿಲ್ ಕೋರ್ಟು ಡಿಕ್ರಿ ಕೊಟ್ಟೂ ಸರ್ಕಾರ ಮೂರು ತಿಂಗಳು ಹಣ ಕಟ್ಟದಿದ್ದರೆ ಜಾರಿ ಅರ್ಜಿ ನಡೆಯುತ್ತದೆ. ಕೋರ್ಟಿನ ಅಮೀನರು ಬಂದು ಕಚೇರಿಯ ಕುರ್ಚಿ, ಕಂಪ್ಯೂಟರ್, ಜೀಪು ಜಪ್ತಿ ಮಾಡಿದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಕಾನೂನು ಒಪ್ಪಿದ ಕ್ರಮವೇ ಅದು.

● ಬೆಂಗಳೂರಿನ ಕೆಂಪು ಅಠಾರ ಕಚೇರಿ, ಅಂದರೆ ಹೈಕೋರ್ಟು ಕೂರುವ ಕಟ್ಟಡ, 1980ರ ದಶಕದಲ್ಲಿ ಕೆಡವುವ ಪಟ್ಟಿಯಲ್ಲಿತ್ತು. ಅದನ್ನು ಉಳಿಸಿ ಎಂದು ನಾಗರಿಕರು ತಂದ ಅರ್ಜಿಯ ವಿಚಾರಣೆ ನಡೆದದ್ದೂ ಅದೇ ಕಟ್ಟಡದಲ್ಲಿ.

● ಹೈಕೋರ್ಟಿಗೆ ಹೋಗಲು ದುಡ್ಡಿಲ್ಲವೇ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು, ಅಂಗವಿಕಲರು, ನೆರೆ-ಬರದ ಸಂತ್ರಸ್ತರು, ಬಂಧನದಲ್ಲಿರುವವರು ಇವರೆಲ್ಲರಿಗೂ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಕಂಪ್ಲಿ, ಸಂಡೂರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಅಲ್ಲಿನ ಎಷ್ಟೋ ಮನೆಗಳು ಈ ನೆರವಿಗೆ ನೇರವಾಗಿ ಅರ್ಹ. ಸಹಾಯವಾಣಿ ಸಂಖ್ಯೆ 15100.

● ಕೊನೆಯದಾಗಿ ಓದುಗರಲ್ಲಿ ಒಂದು ಮಾತು. ಅಧಿಕಾರಿಗೆ ಬಾಯಿಮಾತಿನಲ್ಲಿ ಹೇಳಿ ಬಂದದ್ದು ಹೈಕೋರ್ಟಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕೆಲಸ ಮಾಡಿ ಎಂದು ಆಜ್ಞೆ ಕೊಡಿಸಬೇಕಾದರೆ ನೀವು ಕೇಳಿದ್ದಕ್ಕೂ ಅವರು ಮಾಡದೆ ಹೋದದ್ದಕ್ಕೂ ದಾಖಲೆ ಬೇಕು. ಮನವಿ ಬರೆದು ಕೊಡಿ, ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ, ತಾರೀಖು ಹಾಕಿಸಿಕೊಳ್ಳಿ. ಆಗುವುದಿಲ್ಲ ಎಂದರೆ ಹಿಂಬರಹವನ್ನು ಲಿಖಿತವಾಗಿಯೇ ಕೇಳಿ. ರಿಟ್‌ಗೆ ಇಂತಿಷ್ಟೇ ದಿನ ಎಂಬ ಗಡುವು ಇಲ್ಲದಿದ್ದರೂ ಕಾರಣವಿಲ್ಲದೆ ತಡಮಾಡಿದರೆ ಅರ್ಜಿ ಬಿದ್ದುಹೋಗುತ್ತದೆ. ಹಿಂಬರಹ ಕೈಗೆ ಬಂದ ವಾರದಲ್ಲೇ ವಕೀಲರನ್ನೋ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನೋ ಕಾಣಿರಿ.